ತೇಮಾನು

ಡಬ್ಬಿಯ ಮೇಲೆ ನೂರ ಎಂಬತ್ತು ಗ್ರೇನ್ ಎಂದಿತ್ತು.
ಗ್ರೇನ್ ಅಂದರೆ ಕಾಳು, ಜವೆಗೋಧಿ ಕಾಳಿನ ತೂಕ
ಅಂದರು ಖಲೀಲ್ ಸಾಹೇಬರು.
ನಗರ್ತಪೇಟೆಯ ಅಕ್ಕಸಾಲಿಗನ ಮಗ ನಾನು,
ಕಾಳಿನ ತೂಕ ನನಗೆ ಹೇಳಿಕೊಡಬೇಕೆ?
ನೂರ ಎಂಬತ್ತು ಅಂದರೆ ಸರಿಯಾಗಿ ಒಂದು ತೊಲ,
ತೊಂಬತ್ತಾರು ಗುಲಗಂಜಿ.
ಒಂದು ಕಡವೆಗೆ ಒಂದು ತೊಲ.

ಇನ್‌ಫೆಂಟ್ರಿ ರೋಡಿನ ಆ ಅಂಗಡಿಯಲ್ಲಿ
ನನ್ನದು ಲೆಡ್ಜರು, ಲೈಸೆನ್ಸ್ ನಂಬರು, ಕೋಟಾದಲ್ಲಿ ಉಳಿದದ್ದು.
ತೋಟಾ ಆರಿಸಿಕೊಡುವುದು ಸಾಹೇಬರೇ.
ಶನಿವಾರ ಜೀಪು ನಿಲ್ಲಿಸಿ ಬಂದವರಿಗೆ
ಮೊದಲು ಏನಕ್ಕೆ ಅನ್ನುವರು, ಆಮೇಲೆ ಎಷ್ಟು ದೂರಕ್ಕೆ,
ಆಮೇಲೆ ಕನ್ನಡಕ ತೆಗೆದು
"ತಾಗಿಯೂ ಓಡಿದರೆ ಹಿಂದೆ ನಡೀತೀರೇನ್ರಿ, ಕತ್ತಲಾದ್ರೂ?"
ಅಲ್ಲಿ ತಡವರಿಸಿದವನಿಗೆ
ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ.
ಕಪಾಟು ತುಂಬಿರುತ್ತಿತ್ತು.

"ಸಾರಗಕ್ಕೆ ನೂರೈವತ್ತು ಸಾಕು.
ಅದಕ್ಕೂ ಹಗುರದ್ದು ವೇಗ ಜಾಸ್ತಿ,
ಹೆಗಲ ಮೂಳೆಗೆ ಬಡಿದರೆ ಅಲ್ಲೇ ಪುಡಿ.
ಗಟ್ಟಿ ಮೂತಿಯದ್ದು ಬೇಡ. ದಬ್ಬಳದ ಹಾಗೆ
ಈ ಕಡೆ ಹೊಕ್ಕು ಆ ಕಡೆ ಹೋಗ್ತದೆ.
ಪಾಪದ್ದು ಎರಡು ಮೈಲಿ ಓಡಿ ಎಲ್ಲೋ ಬೀಳ್ತದೆ,
ಎಲ್ಲಿ ಅಂತ ಹದ್ದಿಗೆ ಗೊತ್ತು, ನಿಮಗೆ ಗೊತ್ತಿಲ್ಲ.
ಮೆತ್ತನೆ ಮೂತಿಯದ್ದೇ ತಗೊಳ್ಳಿ. ಒಳಗೆ ಹೋಗಿ ಅರಳ್ತದೆ."
ಅರಳ್ತದೆ ಅನ್ನುವಾಗ ಅವರ ಐದು ಬೆರಳೂ
ಕೌಂಟರಿನ ಗಾಜಿನ ಮೇಲೆ
ನಿಧಾನ ಬಿಚ್ಚಿಕೊಳ್ಳುತ್ತಿದ್ದವು.

ಕಾಕ್ಸ್ ಟೌನಿನ ಡೆನ್ಜಿಲ್ ರೊಜಾರಿಯೊ, ರೈಲ್ವೆ ಡ್ರೈವರು,
ಒಂದು ಸೋಮವಾರ ಎರಡು ಸಾಮಾನು ತಂದ.
ಟಿಫಿನ್ ಕ್ಯಾರಿಯರಿನಲ್ಲಿ ಕಡವೆ,
ಕರವಸ್ತ್ರದಲ್ಲಿ ಅದರ ಮೈಯಿಂದ ಬಗೆದು ತೆಗೆದ ಗುಂಡು.
ಮೂತಿಯೇ ಇರಲಿಲ್ಲ. ತಾಮ್ರದ ಎಸಳು ಹಿಂದಕ್ಕೆ ಮಡಚಿ
ನಡುವೆ ಬೂದು ಸೀಸ,
ಥೇಟು ಎಕ್ಕದ ಹೂವು.
"ನಿಮ್ಮಪ್ಪನ ತಕ್ಕಡಿ ಇದೆಯಲ್ಲ,
ತೂಕ ಮಾಡ್ಕೊಂಡು ಬಾ ಮ್ಯಾನ್, ಎಷ್ಟು ಉಳೀತು ನೋಡೋಣ."

ಅಪ್ಪ ಏನು ಎತ್ತ ಕೇಳಲಿಲ್ಲ.
ಗಾಜಿನ ಪೆಟ್ಟಿಗೆ ತೆರೆದು, ಫ್ಯಾನು ಆರಿಸಿ,
ಉಸಿರು ಹಿಡಿದು ಚಿಮಟದಲ್ಲಿ ಹೂವಿಟ್ಟರು.
ಆ ತಟ್ಟೆಗೆ ಒಂದೊಂದೇ ಕೆಂಪು ಕಾಳು.
ಎಪ್ಪತ್ತಕ್ಕೆ ಮುಳ್ಳು ನಿಂತಿತು.
"ತೊಲಕ್ಕೆ ಇಪ್ಪತ್ತಾರು ತೇಮಾನೇ?
ಯಾವ ಕಳ್ಳನ ಕೈಕೆಲಸವೋ ಇದು!"
ನಮ್ಮ ಬೀದಿಯಲ್ಲಿ ಅರೆ ಗುಲಗಂಜಿ ಕಮ್ಮಿಯಾದರೂ
ಚಾಪೆ ಕೊಡವುತ್ತಾರೆ, ಕುಲುಮೆಯ ಬೂದಿ ಜಾಲಿಸುತ್ತಾರೆ,
ಚರಂಡಿಯ ಕೆಸರಿಗೂ ಗಿರಾಕಿ ಉಂಟು.
ಕಾಡಿನಲ್ಲಿ ಯಾರು ಗುಡಿಸುತ್ತಾರೆ?
ಅಪ್ಪ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದರು.
ಬೆಳಿಗ್ಗೆ ಅದರಲ್ಲೇ ಮಾಮೂಲ್‌ಪೇಟೆಯವರ ತಾಳಿ ತೂಗಬೇಕಿತ್ತು.

ನಾನು ಬಾಯಿ ಬಿಡಲಿಲ್ಲ.
ಮಧ್ಯಾಹ್ನ ಸಾಹೇಬರು ಕ್ಯಾರಿಯರು ಮುಟ್ಟಿರಲಿಲ್ಲ,
ಹಲಾಲ್ ಅಲ್ಲ ಅಂತ ನನ್ನತ್ತ ತಳ್ಳಿದ್ದರು.
ಲೆಡ್ಜರಿನ ಮರೆಯಲ್ಲಿ, ಜನ್ಮದಲ್ಲಿ ಮೊದಲ ಸಲ,
ಕರಿಮೆಣಸು, ವಿನೆಗರು, ಎಳೆಎಳೆಯಾಗಿ ಬಿಡುವ ಮಾಂಸ.
ನಾಲ್ಕನೆಯ ತುತ್ತಿಗೆ ದವಡೆ ಕಟಕ್ ಅಂದಿತು.
ಎಳ್ಳಿನಷ್ಟು ಚೂರು, ತಾಮ್ರದ್ದು.
ಇಪ್ಪತ್ತಾರರಲ್ಲಿ ಅಷ್ಟಾದರೂ ಸಿಕ್ಕಿತ್ತು.
ಉಗಿದೆನೋ, ಸಾಹೇಬರು ಕರೆದರೆಂದು
ಹಾಗೇ ನುಂಗಿದೆನೋ.

ಎಪ್ಪತ್ತು ಅಂದದ್ದಕ್ಕೆ ಡೆನ್ಜಿಲ್ ಶಿಳ್ಳೆ ಹಾಕಿದ.
"ಮುಕ್ಕಾಲು ಉಳೀತಾ? ಒಳ್ಳೇ ಗುಂಡು ಮ್ಯಾನ್.
ಅದನ್ನೇ ಇನ್ನೆರಡು ಡಬ್ಬಿ ಕೊಡು."
ಬರೆದುಕೊಂಡೆ: ದಿನಾಂಕ, ನಂಬರು, ನಲವತ್ತು ತೋಟಾ.

ಆಮೇಲೆ ಕಾನೂನು ಬಂತು. ಜೀಪುಗಳು ನಿಂತವು.
ಸಾಹೇಬರು ಕೊನೆಕೊನೆಗೆ ಏರ್‌ಗನ್ನು ರಿಪೇರಿ ಮಾಡುತ್ತಿದ್ದರು,
ಈಗ ಅಲ್ಲಿ ಕನ್ನಡಕದ ಅಂಗಡಿ.

ಮೊನ್ನೆ ಬಸವನಗುಡಿಯಲ್ಲಿ ಹಲ್ಲಿನ ಡಾಕ್ಟರು, ಚಿಕ್ಕ ಹುಡುಗಿ,
ಎಕ್ಸ್‌ರೇ ಬೆಳಕಿಗೆ ಹಿಡಿದು
"ತಾತ, ಇದು ಬಹಳ ಹಳೇ ಸೀಳು, ಏನು ಕಚ್ಚಿದ್ರಿ?" ಅಂದಳು.
ಬಾಯಿ ತುಂಬ ಹತ್ತಿ.
ಬೆರಳು ನಿಧಾನ ಬಿಚ್ಚಿಕೊಳ್ಳುತ್ತಿದ್ದವು, ಮುಚ್ಚಿಕೊಂಡೆ.
ಅನ್ನದಲ್ಲಿ ಕಲ್ಲಿತ್ತಮ್ಮ, ಅಂದೆ.